ಜವರಾಯನನ್ನು ಕಳಿಸಿಕೊಟ್ಟದ್ದು

ನಮ್ಮ ಊರಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರು ಎಲ್ಲ ಕಡೆಯವರಂತೆ ಎಲ್ಲಿಗೆ ಎಂದು ಕೇಳುತ್ತಾನೆ. ಊರು ಬಿಟ್ಟು ಹೊರಡುವ ಬಸ್ಸಿನಲ್ಲಿ ಅದೇ ಕಂಡಕ್ಟರು ಅದೇ ಬಾಯಿಯಿಂದ "ಕಳಿಸ್ಯಾರೇನ್ರಿ?" ಎಂದು ಕೇಳುತ್ತಾನೆ. ಊರಿನವರಾದ ನಮಗೆ ಈ ಪ್ರಶ್ನೆ ಇಲ್ಲ. ನಾವು ಬೇಕೆಂದಾಗ ಹೋಗುತ್ತೇವೆ, ಬೇಸರವಾದಾಗ ಬರುತ್ತೇವೆ. ಪರಊರಿನಿಂದ ಬಂದವರದೇ ಫಜೀತಿ. ಬಂದವರಿಗೆ ಮೊದಲು ನೀರು ಕೊಟ್ಟವರು ಯಾರೋ ಅವರು ಮನಸಾರೆ ಕಳಿಸಿಕೊಡಬೇಕು. ಬಾಯಿಮಾತಿಗೆ ಹೋಗಿ ಬರ್ರಿ ಎಂದರೆ ಸಾಲದು. ಅರೆಮನಸ್ಸಿನಿಂದ ಕಳಿಸಿದ ಒಬ್ಬ ಅತಿಥಿ ಒಳಗೆ ಕೂತಿದ್ದರೂ ಸಾಕು, ಬಸ್ಸು ಹಳ್ಳದ ಸೇತುವೆ ದಾಟಿ, ಇಟ್ಟಿಗೆ ಭಟ್ಟಿ ದಾಟಿ, ಎರಡು ತಿರುವು ತಿರುಗಿ, ಮತ್ತೆ ನಮ್ಮ ಬಸ್‌ಸ್ಟ್ಯಾಂಡಿಗೇ ಬಂದು ನಿಲ್ಲುತ್ತದೆ. ಡ್ರೈವರು ಎಂಜಿನ್ ಬಂದ್ ಮಾಡಿ, ಹಿಂದೆ ತಿರುಗಿ, ಯಾರದು ಎಂಬಂತೆ ಎಲ್ಲರ ಮುಖ ನೋಡುತ್ತಾನೆ.

ಇದಕ್ಕೆ ನಾವು ಎಂದೋ ಹೊಂದಿಕೊಂಡುಬಿಟ್ಟಿದ್ದೇವೆ. ಜನಗಣತಿಗೆಂದು ಬಂದ ಮಾಸ್ತರರೊಬ್ಬರು ನಾಲ್ಕು ತಿಂಗಳು ನಿಂತು, ಕೊನೆಗೆ ತಮ್ಮನ್ನೂ ನಮ್ಮ ಊರಿನ ಲೆಕ್ಕಕ್ಕೆ ಸೇರಿಸಿಕೊಂಡು ಹೋದರು. ಒಂದು ಮದುವೆಯಲ್ಲಿ ಹುಡುಗಿಯ ತಾಯಿ ಅಳು ನಿಲ್ಲಿಸದೆ ಬೀಗರ ಎರಡು ಬಸ್ಸು ಮೂರು ದಿನ ಇಲ್ಲೇ ಉಳಿದವು. ಮೂರನೆಯ ದಿನ ವರನ ಸೋದರಮಾವ ಊಟಕ್ಕೆ ಹೆಸರಿಟ್ಟ. ಶ್ಯಾವಿಗೆ ಪಾಯಸ ಗಂಟುಗಂಟಾಗಿದೆ ಎಂದ. ತಾಯಿಗೆ ಸಿಟ್ಟು ಬಂತು, ಅರ್ಧ ಗಂಟೆಯಲ್ಲಿ ದಾರಿ ಬಿಟ್ಟಿತು. ಅಂದಿನಿಂದ ನಮ್ಮಲ್ಲಿ ಮೂರನೆಯ ದಿನ ಅಡುಗೆಗೆ ಹೆಸರಿಡುವುದು ಒಳ್ಳೆಯ ಅತಿಥಿಯ ಲಕ್ಷಣ. ಬುದ್ಧಿವಂತ ನೆಂಟರು ಬರುವಾಗಲೇ ಯಾವುದಕ್ಕೆ ಹೆಸರಿಡುವುದು ಎಂದು ಯೋಚಿಸಿಕೊಂಡು ಬರುತ್ತಾರೆ.

ನಾನು ನೀಲಾಂಬಿಕಾ. ಊರ ನಡುವೆ ಇರುವ ಹಿಟ್ಟಿನ ಗಿರಣಿ ನಮ್ಮದು. ನಮ್ಮವ್ವ ಫಕೀರವ್ವ ಅದರ ಒಡತಿ. ನಾನು ಜೋಳ ಸುರಿಯುವವಳು, ಹಿಟ್ಟು ತುಂಬುವವಳು, ನಡುನಡುವೆ ರ್‍ಯಾಪ್ ಹಾಡುವವಳು. ಅವ್ವನ ಪ್ರಕಾರ ಅದು ಹಾಡೂ ಅಲ್ಲ, ಜಗಳವೂ ಅಲ್ಲ, ಒಬ್ಬಳೇ ನಿಂತು ಯಾರನ್ನೋ ಬೈಯುವುದು. ಆದರೆ ಗಿರಣಿಯ ಬೆಲ್ಟಿನಲ್ಲಿ, ಎರಡು ತುದಿ ಸೇರಿಸಿ ಹೊಲಿದ ಕಡೆ, ಒಂದು ಜೋಡು ಇದೆ. ಬೆಲ್ಟು ಸುತ್ತುವಾಗ ಆ ಜೋಡು ಗಾಲಿಗೆ ಬಡಿದು ಟಪ್, ಟಪ್, ಟಕ್ಕ ಎನ್ನುತ್ತದೆ. ಹುಟ್ಟಿದಾಗಿನಿಂದ ಆ ಸಪ್ಪಳದಲ್ಲಿ ಮಲಗಿ ಎದ್ದವಳ ಬಾಯಲ್ಲಿ ಮಾತು ಸುಮ್ಮನೆ ಬರುವುದಾದರೂ ಹೇಗೆ?

ಆ ಸಪ್ಪಳವನ್ನು ಮೊಬೈಲ್ ರಿಪೇರಿ ಅಂಗಡಿಯ ಮೌಲಾಲಿ ಹಿಡಿದುಕೊಂಡು, ಅದಕ್ಕೆ ತಾನೂ ಒಂದಿಷ್ಟು ಢಂ ಢಂ ಸೇರಿಸಿ ಬೀಟ್ ಮಾಡಿದ. ಅವನ ಅಂಗಡಿಯ ಹಿಂದಿನ ಕೋಣೆಗೆ ಮೊಟ್ಟೆಯ ಟ್ರೇ ಬಡಿದು, ಕಂಬಳಿ ಇಳಿಬಿಟ್ಟು, ಅದನ್ನೇ ನಾವು ಸ್ಟುಡಿಯೋ ಎನ್ನುತ್ತೇವೆ. ನಮ್ಮ ಹಾಡಿನ ಪಲ್ಲವಿ ಇದು: "ಬಂದಾವ್ರು ಕುಂದರ್ರಿ, ಕುಂತಾವ್ರು ಉಣ್ಣರಿ, ಉಂಡಾವ್ರು ಹೊಂಟರ ನಮ್ಮನ್ನ ಕೇಳರಿ." ಅದರ ಒಂದು ತುಣುಕನ್ನು ಮೌಲಾಲಿ ಹೊರಗೆ ಬಿಟ್ಟದ್ದೇ ತಡ, ದೊಡ್ಡ ಊರಿನಿಂದ ಜವರಾಯನ ಮೆಸೇಜು ಬಂತು. ಜವರಾಯ ಎಂದರೆ ಹೆಸರಾದ ರ್‍ಯಾಪರ್, ಸಾವಿರಗಟ್ಟಲೆ ಜನರೆದುರು ಹಾಡುವವನು. ಆ ಬೀಟ್ ಎಲ್ಲಿಯದು, ಅದನ್ನು ಕಣ್ಣಾರೆ ನೋಡಬೇಕು, ನಿಮ್ಮ ಹಾಡಿಗೆ ಅತಿಥಿಯಾಗಿ ನಾನೂ ಒಂದು ಪದ್ಯ ಹಾಡುತ್ತೇನೆ ಎಂದು ಬರೆದಿದ್ದ. ಭಾನುವಾರ ಸಂಜೆ ಅವನದೊಂದು ದೊಡ್ಡ ಕಾರ್ಯಕ್ರಮ. ಹಾಡನ್ನು ಅಲ್ಲಿಯೇ, ಆ ವೇದಿಕೆಯ ಮೇಲೆಯೇ ಬಿಡುಗಡೆ ಮಾಡುವುದು ಎಂದು ಮಾತಾಯಿತು. ನನ್ನ ಇಷ್ಟು ವರ್ಷದ ಕೂಗಾಟವನ್ನು ಜೋಳದ ಡಬ್ಬಿ ಹಿಡಿದು ನಿಂತ ಹೆಂಗಸರ ಹೊರತು ಬೇರೆಯವರು ಕೇಳುವುದು ಅದೇ ಮೊದಲು. ಮೌಲಾಲಿ ಆ ದಿನವೇ ಪೋಸ್ಟರ್ ಮಾಡಿ, ಕೆಳಗೆ "ಫೀಚರಿಂಗ್ ಜವರಾಯ" ಎಂದು ಬರೆದು ತನ್ನ ಅಂಗಡಿಗೆ ಅಂಟಿಸಿದ.

ಮಂಗಳವಾರ ಮಧ್ಯಾಹ್ನ ಜವರಾಯ ಬಸ್ಸಿಳಿದ. ಬಿಸಿಲಿಗೆ ಮುಖ ಬಾಡಿತ್ತು. ತಲೆಗೆ ಉಣ್ಣೆಯ ಟೋಪಿ ಬೇರೆ. ನನ್ನ ಕೈಯಲ್ಲಿದ್ದ ಬಾಟಲಿ ಕೊಟ್ಟೆ, ಗಟಗಟ ಕುಡಿದ, ಮನೆಗೆ ಕರೆತಂದೆ. ಅವ್ವ ತಂಬಿಗೆ ನೀರು, ಬೆಲ್ಲ ಕೊಟ್ಟು ಹೆಸರು ಕೇಳಿದಳು. ಅವನು ಜವರಾಯ ಎಂದ. ಯಮನ ಹೆಸರಿಟ್ಟುಕೊಂಡವನನ್ನು ಹೊಸಿಲೊಳಗೆ ಕರೆಯುವುದು ಹೇಗೆ ಎಂದು ಅವ್ವ ಒಂದು ಗಳಿಗೆ ನಿಂತಳು. ಮಂಡ್ಯದ ಕಡೆಯವನು, ಅಪ್ಪ ಅಮ್ಮ ಇಟ್ಟ ಹೆಸರು ಜವರೇಗೌಡ ಎಂದು ತಿಳಿದ ಮೇಲೆ "ಜವರಪ್ಪ" ಎಂದು ತಿದ್ದಿ ಒಳಗೆ ಕರೆದಳು. ಆಮೇಲೆ ಅವನು ಹೋಗುವವರೆಗೂ ಅವಳಿಗೆ ಜವರಪ್ಪನೇ ಆದ.

ಬುಧವಾರ ಹಾಡು ಮುಗಿಯಿತು, ಅಥವಾ ಮುಗಿಯಿತು ಎಂದೆವು. ನನ್ನದು ಒಂದು ಪದ್ಯ, ಅವನದು ಒಂದು, ಮತ್ತೆ ನನ್ನದೊಂದು ಇರಬೇಕಿತ್ತು. ನಿನ್ನ ಎರಡನೆಯ ಪದ್ಯ ಎಲ್ಲಿ ಎಂದು ಅವನು ಕೇಳಿದ. ಬರೆದಿಲ್ಲ ಎಂದೆ. ಅದು ಸುಳ್ಳು. ಬರೆದಿದ್ದೆ, ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ, ಆರು ತಿಂಗಳ ಹಿಂದೆಯೇ. ಅದನ್ನು ಅವ್ವನ ಕಿವಿಗೆ ಬೀಳುವ ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ. ಆ ಜಾಗಕ್ಕೂ ಅವನೇ ಎಂಟು ಸಾಲು ಹಾಡಿದ. ಚೆನ್ನಾಗಿಯೇ ಹಾಡಿದ. ಇದು ನಿನ್ನ ಹಾಡು, ನಾನು ನೆಂಟ, ನೆಂಟನ ಪಾಲು ಹೆಚ್ಚಾಯ್ತಲ್ಲ ಎಂದು ಮಾತ್ರ ಅಂದ.

ಗುರುವಾರ ಬೆಳಿಗ್ಗೆ ಅವ್ವ ರೊಟ್ಟಿ ಕಟ್ಟಿಕೊಟ್ಟು, ತಲೆ ಸವರಿ, ಹೋಗಿ ಬಾರಪ್ಪ ಎಂದು ಕಳಿಸಿದಳು. ಹತ್ತೂಕಾಲಿಗೆ ಹೋದ ಬಸ್ಸು ಹನ್ನೊಂದಕ್ಕೆ ವಾಪಸ್ಸು ಬಂತು. ಒಳಗಿದ್ದವರೆಲ್ಲ ಜವರಾಯನನ್ನು ಗುರಾಯಿಸುತ್ತ ಇಳಿದರು. ಅವನು ನಗುತ್ತಿದ್ದ; ಡ್ರೈವರು ದಾರಿ ತಪ್ಪಿದ್ದಾನೆ ಎಂದುಕೊಂಡಿದ್ದ. ನಾವು ಕೂರಿಸಿಕೊಂಡು ತಿಳಿಸಿ ಹೇಳಿದ ಮೇಲೆ ನಗು ನಿಂತಿತು. ನಡೆದೇ ಹೋಗುತ್ತೇನೆ ಎಂದು ಹೊರಟ. ಸೇತುವೆ ದಾಟಿ, ಭಟ್ಟಿ ದಾಟಿ, ಬೆವರಿಳಿಸುತ್ತ ಮೌಲಾಲಿಯ ಅಂಗಡಿಯ ಮುಂದೆ ಹಾಜರಾದ.

ಊರಿಗೆ ಊರೇ ಒಂದೇ ಮಾತು ಆಡಿತು: ಫಕೀರವ್ವ ಹಿಡಿದಿದ್ದಾಳೆ. ಆ ಮಾತಿಗೆ ಹಿಂದಿನದೊಂದು ಕಥೆಯ ಬೆಂಬಲವೂ ಇತ್ತು. ನಮ್ಮಪ್ಪ ಗುರುನಾಥ ಈ ಊರಿನವನಲ್ಲ. ಮೂವತ್ತೊಂದು ವರ್ಷದ ಹಿಂದೆ ಗಿರಣಿಯ ಯಂತ್ರ ಕೂಡಿಸಲು ಮೂರು ದಿನದ ಮಟ್ಟಿಗೆ ಬಂದ ಮೆಕ್ಯಾನಿಕ್ಕು. ಅವನಿಗೆ ತಂಬಿಗೆ ನೀರು ಕೊಟ್ಟವಳು ಆಗ ಹತ್ತೊಂಬತ್ತರ ಹುಡುಗಿಯಾಗಿದ್ದ ನಮ್ಮವ್ವ. ಅವನು ಹೋಗಲೇ ಇಲ್ಲ. ಫಕೀರವ್ವ ಬಿಡಲಿಲ್ಲ ಎಂದು ಊರು ನಕ್ಕಿತು, ಮದುವೆ ಮಾಡಿತು, ಮತ್ತೂ ನಕ್ಕಿತು. ನಾನು ಒಂಬತ್ತು ವರ್ಷದವಳಿದ್ದಾಗ ಅಪ್ಪ ತೀರಿಕೊಂಡ. ನಿಮ್ಮವ್ವ ನನ್ನ ಹಿಡಿದು ಹಾಕ್ಯಾಳ ನೋಡು ಎಂದು ಅವನೇ ನನ್ನೆದುರು ಎಷ್ಟೋ ಸಲ ಹೇಳುತ್ತಿದ್ದ, ಹೇಳಿ ಅವ್ವನ ಕಡೆ ನೋಡಿ ನಗುತ್ತಿದ್ದ. ಚಿಕ್ಕವಳಿದ್ದಾಗ ನನಗೂ ನಗು ಬರುತ್ತಿತ್ತು. ದೊಡ್ಡವಳಾದ ಮೇಲೆ ಅದು ನನ್ನನ್ನು ಕೊರೆಯತೊಡಗಿತು. ಅಪ್ಪನಿಗೂ ಒಂದು ಊರಿತ್ತಲ್ಲ, ಅಲ್ಲಿ ಅವನ ದಾರಿ ಕಾದವರಿದ್ದರೇ? ಆ ಎರಡನೆಯ ಪದ್ಯದಲ್ಲಿ ಬರೆದದ್ದು ಅದನ್ನೇ.

ಶುಕ್ರವಾರವಿಡೀ ಅವ್ವನ ಮನಸ್ಸು ಕೆಡಿಸುವ ಕೆಲಸ ನಡೆಯಿತು. ಅಡುಗೆಗೆ ಹೆಸರಿಡು ಎಂದು ಜವರಾಯನಿಗೆ ಪಾಠ ಹೇಳಿದೆವು. ಎಣ್ಣೆಗಾಯಿಯನ್ನು ಎರಡು ಸಲ ಬಡಿಸಿಕೊಂಡು ತಿಂದ ಮೇಲೆ, ತಲೆ ತಗ್ಗಿಸಿ, "ಉಪ್ಪು ವಸಿ ಜಾಸ್ತಿ ಕಣವ್ವ," ಎಂದ. ಅವ್ವ ಚೂರು ಬಾಯಿಗೆ ಹಾಕಿಕೊಂಡು ನೋಡಿ, ಹೌದು, ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ಖರೆ ಹೇಳಿದವನು ನೀನೊಬ್ಬನೇ ಎಂದು ಮತ್ತೊಂದು ರೊಟ್ಟಿ ಹಾಕಿದಳು. ಹಿಟ್ಟಿನ ಡಬ್ಬಿ ಒದ್ದು ಚೆಲ್ಲಿದ. ಅವ್ವ ಗುಡಿಸಿ, ಪಾಪ, ಎತ್ತರದ ಹುಡುಗ, ಕಾಲು ಉದ್ದ ಎಂದಳು. ಆ ದಿನ ಬಸ್ಸು ಎರಡು ಸಲ ವಾಪಸ್ಸು ಬಂತು. ಎರಡನೆಯ ಸಲ ಡ್ರೈವರು ಅವನನ್ನು ಹತ್ತಿಸಿಕೊಳ್ಳುವುದಕ್ಕೇ ಒಪ್ಪಿರಲಿಲ್ಲ, ನಾವೇ ಕಾಡಿ ಬೇಡಿ ಹತ್ತಿಸಿದ್ದೆವು. ಕರೆದರೆ ಜವರಾಯ ಬರುತ್ತಾನೆ, ಕಳಿಸುವುದೇ ಕಷ್ಟ ಎಂದು ಬಸ್‌ಸ್ಟ್ಯಾಂಡಿನಲ್ಲಿ ಜನ ತಮಾಷೆ ಮಾಡಿದರು.

ತಮಾಷೆ ಅವ್ವನಿಗೆ ತಟ್ಟತೊಡಗಿತ್ತು. ಗಿರಣಿಗೆ ಬಂದವರೆಲ್ಲ ಬಿಡವ್ವ ಹುಡುಗನ್ನ, ಬಿಡವ್ವ ಎನ್ನುವರು. ನಾನು ಕಳಿಸಿದ್ದೇನೆ, ಮನಸಾರೆ ಕಳಿಸಿದ್ದೇನೆ ಎಂದು ಅವಳು ಗಿರಣಿಯ ಮೇಲೆ ಕೈಯಿಟ್ಟು ಹೇಳಿದಳು. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಸಂಜೆ, ನನ್ನ ಹಾಡಿನ ಮೇಲೆ ಮಣ್ಣು ಹಾಕಬೇಡ, ಮನಸ್ಸು ಗಟ್ಟಿ ಮಾಡಿ ಕಳಿಸು ಎಂದು ಸಿಟ್ಟಿನಲ್ಲಿ ಅಂದುಬಿಟ್ಟೆ. ಅವ್ವ ನನ್ನ ಮುಖವನ್ನೇ ನೋಡಿದಳು. ಜರಡಿ ತೆಗೆದುಕೊಂಡು ಒಳಗೆ ಹೋದಳು.

ಶನಿವಾರ ಬೆಳಗಿನ ಬಸ್ಸೂ ವಾಪಸ್ಸು ಬಂತು. ಇನ್ನು ಉಳಿದದ್ದು ಐದು ಗಂಟೆಯದು. ಅದು ತಪ್ಪಿದರೆ ಭಾನುವಾರದ ವೇದಿಕೆ ಇಲ್ಲ, ಹಾಡೂ ಇಲ್ಲ. ಹಾಡನ್ನಾದರೂ ಫೋನಿನಲ್ಲಿ ಕಳಿಸೋಣ ಎಂದು ಮೌಲಾಲಿ ಹೇಳಿದ. ಹಾಡು ಕಳಿಸಬಹುದು, ಬಾಯಿ ಕಳಿಸುವುದು ಹೇಗೆ ಎಂದು ಜವರಾಯ ಕಲ್ಲುಬೆಂಚಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತ. ಆಗ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ತಿರಕಪ್ಪ ತನ್ನ ಕಿಟಕಿಯಿಂದ ಕೈಸನ್ನೆ ಮಾಡಿ ಕರೆದ. ನಿವೃತ್ತಿಯ ಅಂಚಿಗೆ ಬಂದ ಮನುಷ್ಯ. ಇಷ್ಟು ವರ್ಷ ಆ ಕಿಟಕಿಯಲ್ಲಿ ಕೂತು ಬಂದವರು, ಹೋದವರು, ಹೋಗಲಾರದವರು ಎಲ್ಲರನ್ನೂ ಕಂಡವನು.

"ಫಕೀರವ್ವನ್ನ ಬೈಯೂದು ಬಿಡ್ರಿ," ಎಂದ. "ಈ ಹುಡುಗ ಬಸ್ಸಿಳಿದ ಕೂಡ್ಲೆ ಇಲ್ಲೇ, ನನ್ನ ಕಣ್ಣೆದುರಿಗೆ ನೀರು ಕುಡದಾನ. ಕೊಟ್ಟಾಕಿ ನೀ, ನೀಲಾ."

ಬಾಟಲಿಯ ನೀರನ್ನು ನಮ್ಮ ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತಿಥಿಗೆ ನೀರು ಎಂದರೆ ಮನೆ, ಹೊಸಿಲು, ತಂಬಿಗೆ. ಅದು ಬಿಟ್ಟು ಬೇರೆ ನೀರಿದೆ ಎಂದು ನಮಗೆ ಹೊಳೆಯುವುದೇ ಇಲ್ಲ. ಬಾಟಲಿ ನೀರು ನೀರಲ್ಲವೇ ಎಂದು ತಿರಕಪ್ಪ ಕೇಳಿದ. ನನ್ನ ಕಿವಿ ಬಿಸಿಯಾದವು. ಮೌಲಾಲಿ ನನ್ನನ್ನೂ ಜವರಾಯನನ್ನೂ ನೋಡಿ ಏನೋ ತಿಳಿದುಕೊಂಡವನಂತೆ ನಕ್ಕ. ಆ ತರಹದ್ದೇನೂ ಅಲ್ಲ ಮಾರಾಯ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಜವರಾಯನೇ ಕೊನೆಗೆ ನನ್ನ ಕಡೆ ತಿರುಗಿದ.

"ನೀನು ನನ್ನ ಹಿಡ್ಕೊಂಡಿಲ್ಲ. ಹಾಡ್ನ ಹಿಡ್ಕೊಂಡಿದೀಯ. ಅದು ಮುಗ್ದಿಲ್ಲ ಅಂತ ನಿಂಗೊತ್ತು. ಆ ಪದ್ಯ ಬರ್ದಿದೀಯ ತಾನೆ?"

ಮನೆಗೆ ಹೋದೆ. ಮಧ್ಯಾಹ್ನ ಎರಡು ಗಂಟೆ, ಗಿರಣಿ ಓಡುತ್ತಿತ್ತು, ಅವ್ವ ಒಬ್ಬಳೇ ಇದ್ದಳು. ಹಿಡಿದವಳು ನೀನಲ್ಲ, ನಾನು ಎಂದು ಹೇಳಿದೆ. ಅವಳು ಆಯಿತು ಎಂದಷ್ಟೇ ಅಂದಳು. ಕ್ಷಮಿಸು ಎನ್ನುವುದರ ಬದಲು ಕ್ಯಾಲೆಂಡರಿನ ಹಾಳೆ ತೆಗೆದೆ. ಬೆಲ್ಟಿನ ಸಪ್ಪಳಕ್ಕೆ ಸರಿಯಾಗಿ, ಅವಳ ಮುಂದೆ ನಿಂತು, ಅವಳ ಮುಖ ನೋಡದೆ ಹೇಳಿದೆ: "ಗಿರಣಿ ಕೂಡ್ಸಾಕ ಬಂದಾಂವ, ಮೂರ ದಿನದ ಮಾತ, ತಂಬಗಿ ನೀರಿನ್ಯಾಗ ಅವನ ದಾರಿ ಮುಳುಗಿತ್ತ, ಅವ್ವ, ನಿನ್ನ ಮನಸಿನ ಕೀಲಿ ಎಲ್ಲಿ ಬಿದ್ದಿತ್ತ, ಹೋಗು ಅಂದಿದ್ರ ಒಮ್ಮೆ, ನಮ್ಮಪ್ಪ ಎಲ್ಲಿ ಇರ್ತಿದ್ದ." ಮುಂದೆ ಇನ್ನೂ ನಾಲ್ಕು ಸಾಲು ಇದ್ದವು. ಅವನ್ನು ಹೇಳದೆ ಹಾಳೆ ಮಡಚಿದೆ.

ಅವ್ವ ಸೆರಗಿನಿಂದ ಕೈಗೆ ಮೆತ್ತಿದ್ದ ಹಿಟ್ಟು ಒರೆಸಿಕೊಂಡಳು. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಅಳುತ್ತಾಳೆ ಎಂದು ಹೆದರಿದ್ದೆ. ಎರಡೂ ಆಗಲಿಲ್ಲ.

"ನಿಮ್ಮಪ್ಪನ್ನ ನಾ ಮೂರನೇ ದಿನಾನ ಕಳಿಸೀನಿ," ಎಂದಳು. "ಮನಸು ಪೂರಾ ಕಳಿಸೀನಿ. ಯಾವ ಹೆಣ್ಣುಮಗಳು ಪರಊರ ಗಂಡಸನ್ನ ಹಿಡಕೊಂಡು ಕೂಡತಾಳ? ಬಸ್ಸು ಹೋತು, ದಾರಿ ಬಿಡ್ತು, ಅವರು ಮುಂದಿನ ಊರು ಮುಟ್ಟಿದ್ರು. ಸಂಜೀ ಬಸ್ಸಿಗೆ ತಾವಾಗೇ ತಿರುಗಿ ಬಂದ್ರು. ಕೈಯಾಗ ಮಿರ್ಚಿ ಭಜಿ ಪೊಟ್ಣ ಇತ್ತು, ಇನ್ನೂ ಬಿಸಿ ಇತ್ತು. ಬಾಗಲಾಗ ನಿಂತು, ಬೆಲ್ಟ್ ಸರಿ ಕುಂತಿಲ್ಲ ಅನಸ್ತೈತಿ, ಇನ್ನೊಮ್ಮೆ ನೋಡ್ತೀನಿ ಅಂದ್ರು." ಗಿರಣಿಯ ಕಡೆ ನೋಡಿದಳು. "ಬೆಲ್ಟ್ ಸರೀನ ಇತ್ತು, ನೀಲಾ."

ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೊದಮೊದಲು ಎಲ್ಲರಿಗೂ ಹೇಳಿದಳಂತೆ. ಕಳಿಸಿದರೆ ವಾಪಸ್ಸು ಹೇಗೆ ಬಂದ ಎಂದು ನಕ್ಕರಂತೆ. ಹೋಗಲು ಬಿಟ್ಟರೂ ತಾನಾಗಿ ತಿರುಗಿ ಬರುವ ಮನುಷ್ಯ ಈ ಊರಿನವರ ಲೆಕ್ಕದಲ್ಲೇ ಇರಲಿಲ್ಲ. ಅಪ್ಪನೂ ನಕ್ಕು ಅವರ ಜೊತೆ ಸೇರಿಕೊಂಡ. ತಾನು ಮನಸೋತು ಬಂದೆ ಎನ್ನುವುದಕ್ಕಿಂತ ಅವಳು ಹಿಡಿದಳು ಎನ್ನುವುದು ಅವನಿಗೆ ಇಷ್ಟವಾಗಿತ್ತು. ಅವಳು ಹೇಳುವುದು ಬಿಟ್ಟಳು. ನಿನ್ನೆ ನನ್ನ ಮಗಳೂ ನಂಬಲಿಲ್ಲ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನಾನು ಅವಳನ್ನು ತಬ್ಬಿಕೊಂಡು ಅತ್ತೆ. ಬಿಡು, ಹಿಟ್ಟು ಮೆತ್ತುತ್ತದೆ ಎಂದು ಬೆನ್ನು ಸವರಿದಳು.

ಮೂರೂವರೆಗೆ ಮೌಲಾಲಿಯನ್ನೂ ಜವರಾಯನನ್ನೂ ಗಿರಣಿಗೇ ಕರೆಸಿದೆ. ಮೊಟ್ಟೆಯ ಟ್ರೇ ಬೇಡ, ಕಂಬಳಿ ಬೇಡ, ಇಲ್ಲಿಯೇ, ಬೆಲ್ಟಿನ ಪಕ್ಕದಲ್ಲಿಯೇ ಎಂದೆ. ಜವರಾಯ ತನ್ನ ಎಂಟು ಸಾಲನ್ನು ತಾನೇ ಸಂತೋಷದಿಂದ ಅಳಿಸಿಹಾಕಿಸಿದ. ಹಳೆಯ ಹಾಳೆಯಲ್ಲಿ ಮೊದಲ ಸಾಲು ಮಾತ್ರ ಉಳಿಯಿತು, ಮಿಕ್ಕದ್ದು ನಿಂತ ನಿಲುವಿನಲ್ಲೇ ಬಂತು. "ಗಿರಣಿ ಕೂಡ್ಸಾಕ ಬಂದಾಂವ, ಮೂರ ದಿನದ ಮಾತ, ನಮ್ಮವ್ವ ಕಳಿಸಿಕೊಟ್ಲು, ದಾರಿ ಬಿಟ್ಟಿತ್ತ, ಸಂಜೀ ಬಸ್ಸಿಗೆ ಇಳದು ಬಾಗಲಾಗ ನಿಂತ, ಬೆಲ್ಟ ಸರಿ ಇಲ್ಲಂದ, ಬೆಲ್ಟ ಸರೀನ ಇತ್ತ." ಕೊನೆಯ ಸಾಲನ್ನು ನಾಲ್ಕು ಸಲ ಹೇಳಿದೆ. ಪ್ರತಿ ಸಲವೂ ಜೋಡು ಗಾಲಿಗೆ ಬಡಿದು ಟಕ್ಕ ಎಂದಿತು. ಮೂರನೆಯ ಸಲಕ್ಕೆ ಜವರಾಯ ತಡೆಯಲಾರದೆ ತಾನೂ ದನಿಗೂಡಿಸಿದ. ಇನ್ನೊಮ್ಮೆ ಮಾಡೋಣವೇ ಎಂದು ಮೌಲಾಲಿ ಕೇಳಿದ. ಬೇಡ ಎಂದೆ. ಹಾಡು ಮುಗಿದಿತ್ತು. ಅದು ಇನ್ನು ಇಲ್ಲಿ ಇರುವುದು ನನಗೇ ಬೇಡವಾಗಿತ್ತು. ಎದ್ದು ಹೋಗಲಿ, ಹತ್ತು ಕಡೆ ಕೇಳಿಸಲಿ ಎನಿಸಿತು.

ಐದರ ಬಸ್ಸಿನ ಡ್ರೈವರು ಜವರಾಯನನ್ನು ಕಂಡು ಕೈ ಮುಗಿದ. ಕಂಡಕ್ಟರು ಕಳಿಸ್ಯಾರೇನ್ರಿ ಎಂದು ಅವನನ್ನು ಕೇಳಲಿಲ್ಲ, ನನ್ನನ್ನು ಕೇಳಿದ. ನಾನು ಬಾಗಿಲಲ್ಲಿ ನಿಂತಿದ್ದ ಜವರಾಯನಿಗೆ ಹೇಳಿದೆ: "ಹೋಗೋ ಮಾರಾಯ. ಲಗೂನ ಹೋಗು." ನಮ್ಮಲ್ಲಿ ಯಾರೂ ಅತಿಥಿಗೆ ಹಾಗೆ ಹೇಳುವುದಿಲ್ಲ, ಹೋಗಿ ಬಾ ಎನ್ನಬೇಕು. ಆದರೆ ಮನಸ್ಸಿನಲ್ಲಿದ್ದದ್ದು ಅಷ್ಟೇ. ಬಸ್ಸು ಹೋಯಿತು. ಐದೂವರೆಯಾಯಿತು, ಆರಾಯಿತು. ತಿರಕಪ್ಪ ಕಿಟಕಿಯಿಂದ ಹೊರಗೆ ಕತ್ತು ಚಾಚಿ ಸೇತುವೆಯ ಕಡೆ ನೋಡಿ ನೋಡಿ, ಕೊನೆಗೆ ಕಿಟಕಿ ಮುಚ್ಚಿಕೊಂಡು ಮನೆಗೆ ಹೋದ.

ಭಾನುವಾರ ಸಂಜೆ ಗಿರಣಿಯ ಮುಂದೆ ಊರಿನ ಅರ್ಧ ಜನ ಸೇರಿದ್ದರು. ಮೌಲಾಲಿ ತನ್ನ ಫೋನನ್ನು ದೊಡ್ಡ ಸ್ಪೀಕರಿಗೆ ಸಿಕ್ಕಿಸಿದ್ದ. ಹೊತ್ತು ಮುಳುಗುವ ವೇಳೆಗೆ ಜವರಾಯನ ಕಡೆಯಿಂದ ಕರೆ ಬಂತು. ಇದು ನೀಲಾಂಬಿಕಾಳ ಹಾಡು, ಇದರಲ್ಲಿ ನಾನು ಬರೀ ನೆಂಟ ಎಂದು ಅವನು ಆ ಜನಕ್ಕೆ ಹೇಳುವುದು ಕೇಳಿಸಿತು. ಆಮೇಲೆ ನಮ್ಮ ಬೆಲ್ಟು, ನನ್ನ ದನಿ, ಪಲ್ಲವಿ, ಅವನ ಪದ್ಯ. ಜೋಳದ ಡಬ್ಬಿ ಹಿಡಿದ ಹೆಂಗಸರು ತಲೆ ಆಡಿಸಿದರು. ಎರಡನೆಯ ಪದ್ಯ ಬಂದಾಗ ಯಾರೂ ತಲೆ ಆಡಿಸಲಿಲ್ಲ. ಒಬ್ಬೊಬ್ಬರೇ ಅವ್ವನ ಕಡೆ ತಿರುಗಿ ನೋಡತೊಡಗಿದರು. ಹಿಂದೆ ನಿಂತಿದ್ದ ತಿರಕಪ್ಪ ಮುಂದೆ ಬಂದು, ಆ ಸಂಜೆ ಗುರುನಾಥ ಮಿರ್ಚಿ ಪೊಟ್ಟಣ ಹಿಡಿದು ಇಳಿದದ್ದನ್ನು ತಾನು ಕಿಟಕಿಯಿಂದ ಕಂಡಿದ್ದೆ, ಕಂಡೂ ಎಲ್ಲರ ಜೊತೆ ನಕ್ಕಿದ್ದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ತಪ್ಪಾಯಿತು ಫಕೀರವ್ವ ಎಂದ. ಅವ್ವ ಅವನಿಗೆ ಸುಮ್ಮನಿರು, ಕೇಳು ಎಂದು ಕೈ ಮಾಡಿದಳು.

ಅಲ್ಲಿ, ಎಷ್ಟೋ ದೂರದಲ್ಲಿ, ಗಿರಣಿಯನ್ನೇ ನೋಡದ ಸಾವಿರಾರು ಜನ ಜವರಾಯನ ಜೊತೆ ಕೂಗುತ್ತಿದ್ದರು: ಬೆಲ್ಟ ಸರೀನ ಇತ್ತ, ಬೆಲ್ಟ ಸರೀನ ಇತ್ತ. ಯಾವ ಬೆಲ್ಟು, ಯಾರದು, ಅವರಿಗೇನು ಗೊತ್ತು. ಕುಣಿದು ಕುಣಿದು ಕೂಗುತ್ತಿದ್ದರು. ಅವ್ವ ಮೆಲ್ಲಗೆ ಬಂದು ಮೌಲಾಲಿಯ ಕೈಯಿಂದ ಫೋನು ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದಳು.

"ಹೌದ್ರಿ," ಎಂದಳು ಅವರಿಗೆ. "ಸರೀನ ಇತ್ತು."